ಹೊಲ-ತೋಟಗಳ ಚರಿತ್ರೆ: ಗ್ರಂಥಭಂಡಾರಗಳಲ್ಲಿ ಮತ್ತು ನಮ್ಮ ಮನೆಗಳಲ್ಲಿ

ನಮ್ಮ ಸಮಾಜದ ಬಹುಪಾಲು ಮನೆತನಗಳು ಒಂದಲ್ಲ ಒಂದು ಕಾಲದಲ್ಲಿ ನೆಲವನ್ನೇ ನಂಬಿ ಬಾಳಿದವು. ಇಂದು ಅನೇಕ ಮನೆಗಳ ಮಕ್ಕಳು ಊರು ಬಿಟ್ಟು ನಗರಗಳಲ್ಲಿ ನೆಲೆಸಿದ್ದಾರೆ; ಕೆಲವರು ಸಮುದ್ರ ದಾಟಿಯೂ ಹೋಗಿದ್ದಾರೆ. ಆದರೂ ಹಬ್ಬ-ಜಾತ್ರೆಗಳಿಗೆಂದು ಊರಿಗೆ ಬಂದಾಗ ಅವರು ಕೇಳುವ ಪ್ರಶ್ನೆಗಳು ಒಂದೇ ಬಗೆಯವು. ಈ ತೋಟವನ್ನು ಮೊದಲು ಹಾಕಿದವರು ಯಾರು? ಈ ಬಾವಿಯನ್ನು ಯಾವ ಬರಗಾಲದಲ್ಲಿ ತೋಡಿಸಿದರು? ಮುತ್ತಜ್ಜನ ಕಾಲಕ್ಕೆ ಈ ಎರೆಹೊಲದಲ್ಲಿ ಏನು ಬೆಳೆಯುತ್ತಿದ್ದರು? ಹಿರಿಯರು ನೆನಪಿದ್ದಷ್ಟನ್ನು ಹೇಳುತ್ತಾರೆ. ಅದರಾಚೆಗೆ ಎಲ್ಲರೂ ಮೌನ ವಹಿಸುತ್ತಾರೆ.

ಶಾಲೆಯ ಚರಿತ್ರೆಯ ಪುಸ್ತಕಗಳು ಅರಸರ ಯುದ್ಧಗಳನ್ನು ಹೇಳುತ್ತವೆಯೇ ಹೊರತು ಆ ಅರಸರಿಗೆ ಅನ್ನವಿಟ್ಟ ಹೊಲಗಳ ಕಥೆಯನ್ನು ಹೇಳುವುದು ಅಪರೂಪ. ಹಾಗೆಂದು ಆ ಚರಿತ್ರೆಗೆ ಆಧಾರಗಳೇ ಇಲ್ಲವೆಂದು ತಿಳಿಯಬಾರದು. ಆಧಾರಗಳು ಹೇರಳವಾಗಿವೆ, ಅವು ಎರಡು ಕಡೆ ಹಂಚಿಹೋಗಿವೆ. ಅರಸರು ಮತ್ತು ಸರಕಾರಗಳು ಬರೆಸಿದ್ದು ಗ್ರಂಥಭಂಡಾರಗಳಲ್ಲಿಯೂ ಪತ್ರಾಗಾರಗಳಲ್ಲಿಯೂ ಭದ್ರವಾಗಿದೆ. ಒಕ್ಕಲು ಮನೆತನಗಳು ತಾವೇ ಬರೆದುಕೊಂಡದ್ದು ಅಟ್ಟದ ಮೇಲಿನ ಗಂಟುಗಳಲ್ಲಿ, ಗೆದ್ದಲಿನ ಬಾಯಿಗೆ ಹತ್ತಿರದಲ್ಲಿ ಇದೆ. ಮೊದಲನೆಯದನ್ನು ಎಲ್ಲಿ ಹುಡುಕಬೇಕು, ಎರಡನೆಯದನ್ನು ಹೇಗೆ ಉಳಿಸಬೇಕು ಎಂಬುದನ್ನು ಈ ಲೇಖನದಲ್ಲಿ ಓದುಗ ಬಂಧುಗಳ ಮುಂದಿಡಲು ಬಯಸುತ್ತೇವೆ.

ಕಲ್ಲು ನುಡಿಯುವ ಕೃಷಿ

ಎಲ್ಲಕ್ಕಿಂತ ಹಳೆಯ ಆಧಾರಗಳೆಂದರೆ ಶಾಸನಗಳು. ಶಾಸನವೆಂದರೆ ಬಿರುದಾವಳಿ ಎಂಬ ಭಾವನೆ ಸಾಮಾನ್ಯರಲ್ಲಿದೆ. ಆದರೆ ಬಿರುದುಗಳು ಮುಗಿದ ಮೇಲೆ ಬರುವ ದಾನದ ಭಾಗವೇ ಕೃಷಿಯ ಚರಿತ್ರಕಾರನಿಗೆ ಬೇಕಾದದ್ದು. ಯಾವ ಕೆರೆಯ ಕೆಳಗೆ ಎಷ್ಟು ಗದ್ದೆ, ಎಷ್ಟು ಬೆದ್ದಲು, ಎಷ್ಟು ತೋಟ, ಅದರ ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಎಲ್ಲೆಯಲ್ಲಿ ನಿಂತ ಮರ ಯಾವುದು ಎಂಬೆಲ್ಲ ವಿವರಗಳು ಅಲ್ಲಿ ದೊರೆಯುತ್ತವೆ. ಮತ್ತರು, ಕಮ್ಮ, ಖಂಡುಗ, ಕೊಳಗ ಎಂಬ ಅಳತೆಗಳು ಬರುತ್ತವೆ. ಕೆರೆ ಕಟ್ಟಿಸಿದವನಿಗೂ ಅದನ್ನು ದುರಸ್ತಿ ಮಾಡಿದವನಿಗೂ ಬಿಟ್ಟ ಭೂಮಿಗೆ ಬಿತ್ತುವಟ, ಕಟ್ಟುಕೊಡಗೆ ಮುಂತಾದ ಹೆಸರುಗಳಿದ್ದವು.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನ ಕದಂಬರ ಇತಿಹಾಸಕ್ಕೆ ಪ್ರಸಿದ್ಧವಾದದ್ದು. ಕಾಕುಸ್ಥವರ್ಮನು ಅಲ್ಲಿ ಒಂದು ಕೆರೆಯನ್ನು ಕಟ್ಟಿಸಿದನೆಂಬುದನ್ನು ತಿಳಿಸುವುದೂ ಅದೇ ಶಾಸನವೇ. ವಿಜಯನಗರದ ಕಾಲದ, 1369ರ ಪೋರುಮಾಮಿಳ್ಳ ಶಾಸನವು ಇಂದಿನ ಆಂಧ್ರದ ಕಡಪ ಪ್ರದೇಶದಲ್ಲಿದೆ. ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯನ್ನು ಕುರಿತು ಹೇಳುತ್ತ, ಒಳ್ಳೆಯ ಕೆರೆಗೆ ಇರಬೇಕಾದ 12 ಅಂಗಗಳನ್ನೂ ಇರಬಾರದ 6 ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದ ಲೆಕ್ಕವೂ ಅದರಲ್ಲಿದೆ. ನೀರಾವರಿಯ ಚರಿತ್ರೆಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ವಿರಳ.

ಇವನ್ನು ಓದಲು ಕಲ್ಲಿನ ಬಳಿಗೇ ಹೋಗಬೇಕೆಂದಿಲ್ಲ. ಬಿ. ಎಲ್. ರೈಸ್ ಅವರು ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ಹಳೆಯ ಮೈಸೂರು ಸೀಮೆ ಮತ್ತು ಕೊಡಗಿನ ಶಾಸನಗಳನ್ನು ಜಿಲ್ಲೆ, ತಾಲ್ಲೂಕುಗಳ ಪ್ರಕಾರ ಕೊಡುತ್ತವೆ. ಮೈಸೂರು ವಿಶ್ವವಿದ್ಯಾನಿಲಯವು ಅವನ್ನು ಪರಿಷ್ಕರಿಸಿ ಹೊಸದಾಗಿಯೂ ಪ್ರಕಟಿಸಿದೆ. ಉತ್ತರದ ಜಿಲ್ಲೆಗಳವರು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳನ್ನು ನೋಡಬೇಕು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಪ್ರಕಟಣೆಗಳೂ ಉಪಯುಕ್ತವಾದವು. ವಿಶ್ವವಿದ್ಯಾನಿಲಯದ ಯಾವುದೇ ದೊಡ್ಡ ಗ್ರಂಥಾಲಯದಲ್ಲಿ ಇವು ಸಿಗುತ್ತವೆ. ತಮ್ಮ ಊರಿನ ಹೆಸರನ್ನು ಮೊದಲು ಹುಡುಕಿ, ಅನಂತರ ನೆರೆಯ ಹಳ್ಳಿಗಳ ಶಾಸನಗಳನ್ನೂ ಓದುವುದು ಒಳಿತು. ಒಂದು ಊರಿನ ಎಲ್ಲೆಯ ವಿವರ ಹಲವು ವೇಳೆ ಪಕ್ಕದ ಊರಿನ ಶಾಸನದಲ್ಲಿರುತ್ತದೆ.

ಓಲೆಗರಿಯ ವೃಕ್ಷವಿದ್ಯೆ

ಎರಡನೆಯ ಆಧಾರ ನಮ್ಮ ಪ್ರಾಚೀನ ಗ್ರಂಥಗಳು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ಅಂತರ್ಜಲವನ್ನು ಗುರುತಿಸುವ ಬಗೆ, ಗಿಡಮರಗಳ ಆರೈಕೆ, ಅಡುಗೆ, ಸುಗಂಧದ್ರವ್ಯ ಮೊದಲಾದ ಲೋಕೋಪಯೋಗಿ ವಿಷಯಗಳನ್ನು ಕನ್ನಡದಲ್ಲಿಯೇ ಹೇಳುತ್ತದೆ. ಅದೇ ವಂಶದ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಉದ್ಯಾನಗಳ ವಿಚಾರವುಂಟು. ವೀರಶೈವ ಅರಸುಮನೆತನವಾದ ಕೆಳದಿಯ ಬಸವಪ್ಪನಾಯಕನು 18ನೆಯ ಶತಮಾನದ ಆದಿಯಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶದಲ್ಲಿಯೂ ಸಸ್ಯಪಾಲನೆಗೆ ಸ್ಥಾನವಿದೆ.

ಕೆಳದಿಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. 17ನೆಯ ಶತಮಾನದಲ್ಲಿ ಆಳಿದ ಶಿವಪ್ಪನಾಯಕನ ‘ಶಿಸ್ತು’ ಎಂಬ ಕಂದಾಯ ಪದ್ಧತಿ ಪ್ರಖ್ಯಾತವಾದುದು. ಭೂಮಿಯನ್ನು ಐದು ದರ್ಜೆಗಳಾಗಿ ವಿಂಗಡಿಸಿ, ಪ್ರತಿ ದರ್ಜೆಯ ಹೊಲದಲ್ಲಿ 12 ವರ್ಷ ಬೇಸಾಯ ಮಾಡಿಸಿ, ಬೀಜ, ಖರ್ಚು, ಹುಟ್ಟುವಳಿಗಳ ಸರಾಸರಿ ತೆಗೆದು ಕಂದಾಯವನ್ನು ಗೊತ್ತುಮಾಡಿದನೆಂದು ಹೇಳಲಾಗಿದೆ. ಕೆಳದಿ ಸಂಸ್ಥಾನದ ಚರಿತ್ರೆಯಲ್ಲಿ ಆಸಕ್ತಿಯುಳ್ಳವರು ಸಾಗರ ತಾಲ್ಲೂಕಿನ ಕೆಳದಿಯಲ್ಲಿರುವ ವಸ್ತುಸಂಗ್ರಹಾಲಯವನ್ನು ನೋಡಬೇಕು. ಅಲ್ಲಿ ಓಲೆಗರಿಗಳೂ ಕಡತಗಳೂ ಸಂಗ್ರಹವಾಗಿವೆ.

ಓಲೆಗರಿಯ ಒಂದು ಕಟ್ಟು ಎಷ್ಟು ದೊಡ್ಡ ಕೆಲಸ ಮಾಡಬಲ್ಲುದು ಎಂಬುದಕ್ಕೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವೇ ನಿದರ್ಶನ. 1891ರಲ್ಲಿ ಸ್ಥಾಪಿತವಾದ ಆ ಸಂಸ್ಥೆಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಗರಿಯ ಕಟ್ಟಿನಲ್ಲಿಯೇ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಪ್ರಕಟಿಸಿದರು. ಬೇಸಾಯದ ಅಧಿಕಾರಿಯಾದ ಸೀತಾಧ್ಯಕ್ಷನ ಕರ್ತವ್ಯಗಳು, ಮಳೆಯ ಅಳತೆ, ಬೀಜಸಂಸ್ಕಾರ ಮುಂತಾದವುಗಳ ವಿವರ ಲೋಕಕ್ಕೆ ತಿಳಿದುದು ಆ ಕಟ್ಟಿನಿಂದ. ಮತ್ತೊಂದು ಕಡೆ, ಸುರಪಾಲನ ‘ವೃಕ್ಷಾಯುರ್ವೇದ’ದ ಹಸ್ತಪ್ರತಿ ಇಂಗ್ಲೆಂಡಿನ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿತ್ತು. ಸಿಕಂದರಾಬಾದಿನ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್ ಅದರ ಪ್ರತಿಯನ್ನು ತರಿಸಿ, 1996ರಲ್ಲಿ ಅನುವಾದದೊಡನೆ ಪ್ರಕಟಿಸಿತು. ಇಂದು ಹಲವು ರೈತರು ತಯಾರಿಸುತ್ತಿರುವ ಕುಣಪಜಲವೆಂಬ ದ್ರವಗೊಬ್ಬರದ ವಿಧಾನ ಮತ್ತೆ ಬಳಕೆಗೆ ಬಂದುದರಲ್ಲಿ ಆ ಪ್ರಕಟಣೆಯ ಪಾಲು ದೊಡ್ಡದು. ಗ್ರಂಥಭಂಡಾರದ ಕಪಾಟಿನಿಂದ ಹೊಲದ ಬದುವಿನವರೆಗೆ ಹೀಗೆ ದಾರಿಯುಂಟು.

ಶರಣರ ವಚನಗಳನ್ನೂ ಈ ದೃಷ್ಟಿಯಿಂದ ಓದಬಹುದು. ಕಾಯಕವನ್ನು ಎತ್ತಿಹಿಡಿದ ಆ ಬಳಗದಲ್ಲಿ ಒಕ್ಕಲಿಗ ಮುದ್ದಣ್ಣನಂಥ ಬೇಸಾಯಗಾರರೂ ಇದ್ದರು. ಉಳುಮೆ, ಬಿತ್ತನೆ, ಕಳೆ, ಕಣಗಳ ಮಾತುಗಳು ವಚನಗಳಲ್ಲಿ ಹಾಸುಹೊಕ್ಕಾಗಿವೆ. 1993ರಲ್ಲಿ ಕರ್ನಾಟಕ ಸರಕಾರ ಹೊರತಂದ ಸಮಗ್ರ ವಚನ ಸಂಪುಟಗಳಲ್ಲಿ 15ನೆಯದು ಪರಿಭಾಷಾ ಕೋಶವಾಗಿದೆ. ಅಧ್ಯಾತ್ಮದ ಅರ್ಥದ ಹಿಂದೆ 12ನೆಯ ಶತಮಾನದ ಹೊಲವೂ ಕಾಣುತ್ತದೆಂಬುದನ್ನು ಮರೆಯಬಾರದು.

ಪ್ರವಾಸಿಯ ದಿನಚರಿ, ಸರಕಾರದ ಗೆಜೆಟಿಯರು

ಟಿಪ್ಪುಸುಲ್ತಾನನ ಪತನವಾದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಂಪನಿ ಸರಕಾರ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳ ಪರಿಶೀಲನೆಗೆ ಕಳುಹಿಸಿತು. ಅವನ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ರಾಗಿಯನ್ನು ಹೇಗೆ ಬಿತ್ತುತ್ತಿದ್ದರು, ಅಕ್ಕಡಿ ಸಾಲುಗಳಲ್ಲಿ ಏನೇನು ಸೇರಿಸುತ್ತಿದ್ದರು, ಕಬ್ಬಿಗೆ ನೀರು ಹೇಗೆ ಹಾಯಿಸುತ್ತಿದ್ದರು, ಅಡಕೆ, ತೆಂಗು, ವೀಳ್ಯದೆಲೆಯ ತೋಟಗಳ ಖರ್ಚುವೆಚ್ಚವೇನು ಎಂಬುದನ್ನು ಅವನು ಊರೂರಿನ ರೈತರನ್ನು ಕೇಳಿ ಬರೆದಿದ್ದಾನೆ. ಓದುವಾಗ ಎಚ್ಚರವೂ ಬೇಕು. ಅವನು ಬಂದದ್ದು ಹೊಸದಾಗಿ ಕೈಸೇರಿದ ಸೀಮೆಯ ಆದಾಯವನ್ನು ಅರಿಯಲೆಂದು. ಮಾತಾಡಿದ್ದು ದುಭಾಷಿಗಳ ಮೂಲಕ. ಕಂದಾಯ ಹೆಚ್ಚೀತೆಂಬ ಭಯದಿಂದ ರೈತನು ಇಳುವರಿಯನ್ನು ಕಡಿಮೆ ಹೇಳಿದ್ದರೆ ಆಶ್ಚರ್ಯವೇನು?

ಇವನ ಅನಂತರ ಬಂದವು ಗೆಜೆಟಿಯರುಗಳು. ಮೈಸೂರು ಸೀಮೆಗೆ ರೈಸ್ ಅವರ ಗೆಜೆಟಿಯರ್ 1870ರ ದಶಕದಲ್ಲಿ ಮೊದಲು ಬಂದು 1897ರಲ್ಲಿ ಪರಿಷ್ಕೃತವಾಯಿತು, ಸಿ. ಹಯವದನರಾಯರ ಸಂಪುಟಗಳು 1927ರಿಂದ 1930ರವರೆಗೆ ಹೊರಬಂದವು. ಮುಂಬಯಿ ಗೆಜೆಟಿಯರಿನಲ್ಲಿ ಕನ್ನಡ ಜಿಲ್ಲೆಗೆ 15ನೆಯ ಸಂಪುಟವೂ ಬೆಳಗಾವಿ, ಧಾರವಾಡ, ವಿಜಾಪುರಗಳಿಗೆ ಕ್ರಮವಾಗಿ 21, 22, 23ನೆಯ ಸಂಪುಟಗಳೂ ಮೀಸಲು. ಈ ನಾಲ್ಕೂ 1883-84ರಲ್ಲಿ ಅಚ್ಚಾದವು.

ಧಾರವಾಡದ ಹತ್ತಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1840ರ ದಶಕದಲ್ಲಿ ಅಮೆರಿಕದಿಂದ ಬೇಸಾಯಗಾರರನ್ನು ಕರೆಸಿ, ಹುಬ್ಬಳ್ಳಿಗೆ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಮಾಡಿ, ನ್ಯೂ ಆರ್ಲಿಯನ್ಸ್ ಬೀಜವನ್ನು ಹಂಚಿದ ಕಥೆ ಸರಕಾರಿ ಬರಹಗಳಲ್ಲಿದೆ. ‘ಧಾರವಾಡ-ಅಮೆರಿಕನ್’ ಎಂದು ಆ ಹತ್ತಿ ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಲ್ಲಿಯ ಹತ್ತಿಯ ಬೆಲೆ ಏರಿ, ಯುದ್ಧ ಮುಗಿದಾಗ ಇಳಿಯಿತು. ಸರಕಾರದ ಕಾಗದಗಳಲ್ಲಿ ಎಕರೆಗಳ ಲೆಕ್ಕವಿದೆ, ರಫ್ತಿನ ಲೆಕ್ಕವಿದೆ. ಆದರೆ ಬೆಲೆ ಏರಿದಾಗ ಒಂದು ಮನೆ ಜೋಳದ ಹೊಲವನ್ನು ಎಷ್ಟು ಕಡಿಮೆ ಮಾಡಿತು, ಬೆಲೆ ಇಳಿದಾಗ ಯಾವ ಸಾಲಕ್ಕೆ ಯಾವ ಹೊಲ ಅಡವಾಯಿತು, ಹಗೇವಿನಲ್ಲಿ ಎಷ್ಟು ಚೀಲ ಜೋಳ ಉಳಿದಿತ್ತು ಎಂಬುದನ್ನು ತಿಳಿಯಬೇಕಾದರೆ ಆ ಮನೆಯ ಲೆಕ್ಕದ ಪುಸ್ತಕವನ್ನೇ ಕೇಳಬೇಕು.

ಐದು ಕಡೆ ಹಂಚಿಹೋದ ಕಾಗದಗಳು

ಕನ್ನಡ ನಾಡು 1956ರವರೆಗೆ ಹಲವು ಆಡಳಿತಗಳಲ್ಲಿ ಹರಿದುಹಂಚಿ ಹೋಗಿತ್ತು. ಆದುದರಿಂದ ಅದರ ಕಾಗದಪತ್ರಗಳೂ ಹಾಗೆಯೇ ಹಂಚಿಹೋಗಿವೆ. ಸಂಶೋಧನೆಗೆ ಹೊರಡುವ ತರುಣರು ಮೊದಲು ತಿಳಿಯಬೇಕಾದದ್ದು ಇದನ್ನೇ.

ಹಳೆಯ ಮೈಸೂರು ಸಂಸ್ಥಾನದ ಕಡತಗಳು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿವೆ. ಬೆಳಗಾವಿ, ವಿಜಯಪುರ, ಧಾರವಾಡ ಕಡೆಯವರು ಮುಂಬಯಿಯ ಪತ್ರಾಗಾರವನ್ನೂ, 1818ಕ್ಕಿಂತ ಹಿಂದಿನ ಪೇಶ್ವೆಯರ ಕಾಲಕ್ಕಾಗಿ ಪುಣೆಯ ಪೇಶ್ವೆ ದಫ್ತರವನ್ನೂ ನೋಡಬೇಕು. ಎರಡನೆಯದಕ್ಕೆ ಮೋಡಿ ಲಿಪಿ ಬಲ್ಲವರ ಸಹಾಯ ಬೇಕು. ಬೀದರ, ಕಲಬುರಗಿ, ರಾಯಚೂರುಗಳ ನಿಜಾಮರ ಕಾಲದ ಕಾಗದಗಳು ಹೈದರಾಬಾದಿನ ಪತ್ರಾಗಾರದಲ್ಲಿವೆ. ಅವುಗಳಲ್ಲಿ ಬಹಳಷ್ಟು ಪಾರಸಿ ಮತ್ತು ಉರ್ದು ಭಾಷೆಯವು. ಬಳ್ಳಾರಿ ಮತ್ತು ದಕ್ಷಿಣ ಕನ್ನಡಗಳಿಗೆ ಚೆನ್ನೈನ ಎಗ್ಮೋರಿನ ಪತ್ರಾಗಾರವೇ ಮುಖ್ಯ. ಉತ್ತರ ಕನ್ನಡದ ವಿಷಯ ಇನ್ನೂ ವಿಚಿತ್ರ. ಆ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದುದರಿಂದ, ಹಿಂದಿನದನ್ನು ಚೆನ್ನೈನಲ್ಲಿಯೂ ಮುಂದಿನದನ್ನು ಮುಂಬಯಿಯಲ್ಲಿಯೂ ಹುಡುಕಬೇಕಾಗುತ್ತದೆ.

ದೂರ ಹೋಗುವ ಮುನ್ನ ತಾಲ್ಲೂಕು ಕಚೇರಿಯ ದಾಖಲೆಗಳ ಕೋಣೆಯನ್ನು ನೋಡುವುದು ಜಾಣತನ. ಸರ್ವೆ ಕಾಲದ ಟಿಪ್ಪಣಿ ಪುಸ್ತಕ, ಆಕಾರಬಂದು, ಕೈಬರಹದ ಹಳೆಯ ಪಹಣಿಗಳು ಅಲ್ಲಿರುತ್ತವೆ. ಪಹಣಿಯನ್ನು ನಾವು ಸಾಲಕ್ಕೆ ಮತ್ತು ವ್ಯಾಜ್ಯಕ್ಕೆ ಮಾತ್ರ ತೆಗೆಸುತ್ತೇವೆ. ಆದರೆ ಅದರಲ್ಲಿ ಬೆಳೆಯ ಕಾಲಮು ಒಂದಿದೆ. ಒಂದು ಸರ್ವೆ ನಂಬರಿನ ಮೂವತ್ತು-ನಲವತ್ತು ವರ್ಷಗಳ ಪಹಣಿಗಳನ್ನು ಸಾಲಾಗಿಟ್ಟು ನೋಡಿದರೆ, ನವಣೆ, ಸಜ್ಜೆಗಳು ಯಾವ ವರ್ಷ ಮಾಯವಾದವು, ಕಬ್ಬು ಯಾವಾಗ ಬಂತು ಎಂಬುದರ ಸುಳಿವು ಸಿಗುತ್ತದೆ. ಬೆಳೆಯನ್ನು ಹೊಲಕ್ಕೆ ಹೋಗದೆ ಬರೆದ ಪಹಣಿಗಳೂ ಉಂಟು. ಆದುದರಿಂದ ಹಿರಿಯರ ನೆನಪಿನೊಡನೆ ಅದನ್ನು ತಾಳೆನೋಡಬೇಕು.

ಉದ್ಯಾನ ಮತ್ತು ಪ್ರಯೋಗದ ಹೊಲ

ತೋಟಗಾರಿಕೆಯ ಚರಿತ್ರೆಗೆ ಬೆಂಗಳೂರಿನ ಲಾಲ್‌ಬಾಗಿಗಿಂತ ದೊಡ್ಡ ದಾಖಲೆ ನಮ್ಮಲ್ಲಿಲ್ಲ. ಹೈದರಲಿ 1760ರಲ್ಲಿ ಆರಂಭಿಸಿದ ಆ ತೋಟವನ್ನು ಟಿಪ್ಪು ಬೆಳೆಸಿದನು. 1856ರಲ್ಲಿ ಅದು ಸರಕಾರಿ ಸಸ್ಯೋದ್ಯಾನವಾಯಿತು. ಟಿಪ್ಪುವಿನ ಪತ್ರಗಳನ್ನು ಕರ್ಕ್‌ಪ್ಯಾಟ್ರಿಕ್ ಎಂಬವನು 1811ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ್ದಾನೆ. ರೇಷ್ಮೆಹುಳು ತರಿಸಲು ಮಸ್ಕತ್ತಿನ ತನ್ನ ಪ್ರತಿನಿಧಿಗಳಿಗೆ ಸುಲ್ತಾನನು ಬರೆದ ಆಜ್ಞೆಗಳು ಅದರಲ್ಲಿವೆ. ಜಾನ್ ಕ್ಯಾಮರಾನ್ ಸಿದ್ಧಪಡಿಸಿದ ಲಾಲ್‌ಬಾಗಿನ ಸಸ್ಯಗಳ ಪಟ್ಟಿಯ ಎರಡನೆಯ ಆವೃತ್ತಿ 1891ರದು. ಇಂದು ನಮ್ಮ ಅಡುಗೆಮನೆಗೆ ಚಿರಪರಿಚಿತವಾದ ಸೀಮೆಬದನೆ ಈ ಸೀಮೆಗೆ ಬಂದದ್ದು ಅವನ ಕಾಲದಲ್ಲೆಂಬುದು ಪ್ರತೀತಿ. 1908ರಲ್ಲಿ ಬಂದ ಕ್ರುಂಬಿಗಲ್, ಅನಂತರದ ಎಚ್. ಸಿ. ಜವರಾಯ, ಎಂ. ಎಚ್. ಮರಿಗೌಡ ಇವರ ಕಾಲದ ವಾರ್ಷಿಕ ವರದಿಗಳು ಓದತಕ್ಕವು. ಯಾವ ಸಸಿ ಯಾವ ಊರಿಗೆ ಹೋಯಿತೆಂಬ ಪ್ರಶ್ನೆಗೆ ಉತ್ತರವನ್ನು ಇಂಥ ವರದಿಗಳಲ್ಲಿಯೇ ಹುಡುಕಬೇಕು.

ಬೇಸಾಯದ ವಿಜ್ಞಾನಕ್ಕೆ ಬೆಂಗಳೂರು ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಿವೆ. ಮೈಸೂರು ಕೃಷಿ ಇಲಾಖೆ ಹೊರಡಿಸುತ್ತಿದ್ದ ಹಳೆಯ ಕ್ಯಾಲೆಂಡರುಗಳನ್ನೂ ಬುಲೆಟಿನ್ನುಗಳನ್ನೂ ಅಲ್ಲಿ ಕೇಳಿನೋಡಬೇಕು. 1908ರಲ್ಲಿ ಮೈಸೂರಿಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅಡಕೆಯ ಕೊಳೆರೋಗದ ಮೇಲೆ ನಡೆಸಿದ ಅಧ್ಯಯನ ಅಂಥದೊಂದು. ಅಡಕೆಯ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದ ಮಲೆನಾಡಿನಲ್ಲಿ, ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಸಿಂಪಡಿಸುವ ಪದ್ಧತಿ ಹರಡಿದ್ದು ಆ ಅಧ್ಯಯನದಿಂದ. ನೂರು ವರ್ಷ ದಾಟಿದರೂ ನಮ್ಮ ಅಡಕೆ ಬೆಳೆಗಾರರು ಮುಂಗಾರಿನಲ್ಲಿ ಆ ದ್ರಾವಣವನ್ನೇ ನೆಚ್ಚಿದ್ದಾರೆ.

ಹಕ್ಕುಸ್ವಾಮ್ಯ ಮುಗಿದ ಹಳೆಯ ಗ್ರಂಥಗಳಲ್ಲಿ ಬಹಳಷ್ಟನ್ನು ಈಗ ಮನೆಯಲ್ಲಿಯೇ ಕುಳಿತು ಗಣಕಯಂತ್ರದಲ್ಲಿ ಓದಬಹುದು. ಬುಕಾನನ್ನನ ಪ್ರವಾಸವೂ ಹಳೆಯ ಗೆಜೆಟಿಯರುಗಳೂ ಇಂಟರ್‌ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ ಪಟಲ’ದಲ್ಲಿ ಕಡತಗಳ ಪಟ್ಟಿಯನ್ನು ಹುಡುಕಬಹುದು. ಮನೆಯ ಹಿರಿಯರ ಜ್ಞಾನವೂ ಮಕ್ಕಳ ಗಣಕಯಂತ್ರದ ಪರಿಣತಿಯೂ ಜೊತೆಗೂಡಿದರೆ ಒಂದು ಬೇಸಿಗೆ ರಜೆಯಲ್ಲಿ ಆಗುವ ಕೆಲಸ ಕಡಿಮೆಯಲ್ಲ.

ನಮ್ಮ ಮನೆಯ ಗಂಟು

ಇಷ್ಟೆಲ್ಲ ಭಂಡಾರಗಳನ್ನು ಸುತ್ತಿದ ಮೇಲೂ ಒಂದು ಕೊರತೆ ಉಳಿಯುತ್ತದೆ. ಶಾಸನವು ದಾನ ಕೊಟ್ಟವನ ಮಾತು. ಗೆಜೆಟಿಯರು ಕಂದಾಯ ಪಡೆದವನ ಮಾತು. ಉತ್ತಿ ಬಿತ್ತಿದವನ ಮಾತು ಎಲ್ಲಿದೆ? ಹುಣಸೆಬೀಜದ ಅಂಟು ಮತ್ತು ಇದ್ದಿಲು ಸವರಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಕಡತಗಳಲ್ಲಿ, ಕಿರ್ದಿ-ಖಾತೆ ಪುಸ್ತಕಗಳಲ್ಲಿ, ಪಂಚಾಂಗದ ಅಂಚಿನಲ್ಲಿ ಗುರುತಿಟ್ಟ ಮಳೆಯ ದಿನಗಳಲ್ಲಿ, ಮದುವೆಯ ಖರ್ಚಿನ ಪಟ್ಟಿಯಲ್ಲಿ, ಅಣ್ಣತಮ್ಮಂದಿರ ಪಾಲುಪತ್ರದಲ್ಲಿ ಅದು ಅಡಗಿದೆ. ಪಾಲುಪತ್ರವೊಂದು ಮಾವಿನ ಮರಗಳನ್ನು ಒಂದೊಂದಾಗಿ ಹೆಸರಿಸಿ ಹಂಚಿದ್ದರೆ, ಆ ತೋಟದ ತಳಿಗಳ ಪಟ್ಟಿಯೇ ನಮಗೆ ಸಿಕ್ಕಂತಾಯಿತು. ಮಠಗಳ ದಾಸೋಹದ ಲೆಕ್ಕಗಳೂ ಇದೇ ಬಗೆಯವು. ಯಾವ ಊರಿನ ಭಕ್ತರು ಯಾವ ಧಾನ್ಯವನ್ನು ಸಲ್ಲಿಸಿದರೆಂಬ ಬರಹವು ಆ ಸೀಮೆಯ ಬೆಳೆಯ ಚಿತ್ರವೂ ಆಗಿರುತ್ತದೆ.

ಈ ಗಂಟುಗಳಿಗೆ ಈಗ ಒದಗಿರುವ ಗಂಡಾಂತರ ಹಿಂದೆಂದೂ ಇರಲಿಲ್ಲ. ಹಳೆಯ ತೊಲೆಬಾಗಿಲಿನ ಮನೆಗಳು ಉರುಳಿ ತಾರಸಿ ಮನೆಗಳು ಏಳುತ್ತಿವೆ. ಸಾಮಾನು ಸಾಗಿಸುವಾಗ ಹಿತ್ತಾಳೆಯ ಹಂಡೆಯನ್ನು ಜೋಪಾನ ಮಾಡುವ ನಾವು, ಕಾಗದದ ಗಂಟನ್ನು ರದ್ದಿಯವನಿಗೆ ತೂಕಕ್ಕೆ ಕೊಡುತ್ತೇವೆ. ಸರಕಾರದ ಗೆಜೆಟಿಯರಿಗೆ ನೂರು ಪ್ರತಿಗಳಿವೆ; ನಮ್ಮ ಮನೆಯ ಲೆಕ್ಕದ ಪುಸ್ತಕಕ್ಕೆ ಇರುವುದು ಒಂದೇ ಪ್ರತಿ. ಅದು ಹೋದರೆ ಲೋಕದಲ್ಲಿ ಮತ್ತೆಲ್ಲಿಯೂ ಸಿಗದು.

ಈ ಮಾತು ನಮ್ಮ ಸಮಾಜಕ್ಕೆ ಹೊಸದಲ್ಲ. ಫ. ಗು. ಹಳಕಟ್ಟಿಯವರು ಮನೆಮನೆಗೆ, ಮಠಮಠಕ್ಕೆ ಅಲೆದು ಓಲೆಗರಿಗಳನ್ನು ಕಲೆಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಆ ಕಟ್ಟುಗಳನ್ನು ತಲೆಮಾರುಗಳವರೆಗೆ ಕಾಪಾಡಿದವರು ಹೆಚ್ಚಾಗಿ ಸಾಮಾನ್ಯ ಗೃಹಸ್ಥರು. ಅವರು ಕಾಯದಿದ್ದರೆ ಹಳಕಟ್ಟಿಯವರಿಗೆ ಏನು ಸಿಗುತ್ತಿತ್ತು?

ಕುಟುಂಬಗಳು ಮಾಡಬಹುದಾದ ಕೆಲಸ

ಗಂಟನ್ನು ಬಿಚ್ಚುವಾಗ ಕಾಗದಗಳ ಕ್ರಮವನ್ನು ಕೆಡಿಸಬಾರದು. ಯಾವುದರ ಜೊತೆ ಯಾವುದಿತ್ತೆಂಬುದೂ ಒಂದು ಸಾಕ್ಷ್ಯವೇ. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚುವುದಾಗಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಬಿಸಿಮಾಡಿ ಮುಚ್ಚಿಸುವುದಾಗಲಿ ಬೇಡ. ಕಾಲಾಂತರದಲ್ಲಿ ಅದರಿಂದ ಹಾನಿಯೇ ಹೆಚ್ಚು. ಶುದ್ಧವಾದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ತೇವವಿಲ್ಲದ, ಗೋಡೆಗೆ ತಾಗದ ಕಡೆ ಇಡಬೇಕು. ಪ್ರತಿ ಹಾಳೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಎರಡು-ಮೂರು ಮನೆಗಳಲ್ಲಿ ಕಾಪಿಡಬೇಕು. ಚಿತ್ರ ತೆಗೆದೆವೆಂದು ಮೂಲವನ್ನು ಎಸೆಯಬಾರದು.

ಅದರ ಜೊತೆಯಲ್ಲಿಯೇ ಮನೆಯ ಅಜ್ಜ-ಅಜ್ಜಿಯರನ್ನು ಕೂರಿಸಿಕೊಂಡು ಕೇಳಬೇಕು. ಹೊಲಗಳ ಹೆಸರುಗಳು, ಮರಗಳ ಹೆಸರುಗಳು, ಕೂರಿಗೆ-ಕುಂಟೆಗಳ ಭಾಗಗಳ ಹೆಸರುಗಳು, ಬೀಜವನ್ನು ಬೂದಿಯಲ್ಲಿ ಕಾಪಿಡುತ್ತಿದ್ದ ಬಗೆ, ಕಾಯಿಪಲ್ಯದ ಹಿತ್ತಲಿನ ಕ್ರಮ ಇವನ್ನು ಬರೆದಿಟ್ಟುಕೊಳ್ಳಬೇಕು. ಬೀಜದ ಆಯ್ಕೆಯೂ ಹಿತ್ತಲಿನ ತೋಟವೂ ಬಹುಪಾಲು ಹೆಣ್ಣುಮಕ್ಕಳ ಕೈಯಲ್ಲಿದ್ದುದರಿಂದ ಸರಕಾರಿ ಕಾಗದದಲ್ಲಿ ಅವರ ಹೆಸರು ಕಾಣುವುದು ಕಡಿಮೆ. ಅಜ್ಜಿಯ ಮಾತೇ ಅಲ್ಲಿ ಏಕಮಾತ್ರ ದಾಖಲೆ.

ಇಟ್ಟುಕೊಳ್ಳಲು ಸ್ಥಳವಿಲ್ಲದವರು, ಓದಲು ಬಾರದ ಲಿಪಿಯೆಂದು ಕೈಬಿಟ್ಟವರು ಆ ಗಂಟನ್ನು ಹತ್ತಿರದ ವಿಶ್ವವಿದ್ಯಾನಿಲಯದ ಹಸ್ತಪ್ರತಿ ಭಂಡಾರಕ್ಕೋ ರಾಜ್ಯ ಪತ್ರಾಗಾರಕ್ಕೋ ತಮ್ಮ ಮಠದ ಗ್ರಂಥಾಲಯಕ್ಕೋ ಒಪ್ಪಿಸಿ ರಸೀದಿ ಪಡೆಯಲಿ. ಮಠದ ಗ್ರಂಥಾಲಯಗಳೂ ಧಾರ್ಮಿಕ ಗ್ರಂಥಗಳಿಗೆ ಕೊಡುವ ಮರ್ಯಾದೆಯನ್ನೇ ಈ ಲೆಕ್ಕದ ಪುಸ್ತಕಗಳಿಗೂ ಕೊಟ್ಟು ಪಟ್ಟಿ ಮಾಡಿಸಲೆಂದು ವಿನಂತಿಸುತ್ತೇವೆ. ಕಾಯಕವೇ ಪೂಜೆಯೆಂದು ನಂಬಿದವರಿಗೆ ಕಾಯಕದ ಲೆಕ್ಕವೂ ಪವಿತ್ರವೇ ಅಲ್ಲವೆ?

ಮುಂದಿನ ಮಳೆಗಾಲದ ತಂಪು ಅಟ್ಟಕ್ಕೆ ಇಳಿಯುವ ಮೊದಲು ಪ್ರತಿ ಮನೆಯವರೂ ಒಮ್ಮೆ ಏಣಿ ಹತ್ತಿ ನೋಡಲಿ. ಕಲ್ಲಿನ ಮೇಲಿನ ಬರಹವನ್ನು ಸರಕಾರ ಕಾಯುತ್ತದೆ. ಬಟ್ಟೆಯ ಗಂಟನ್ನು ನಾವೇ ಕಾಯಬೇಕು.